ಹೊಗಳಿಕೆಯಲ್ಲಿ ಕಳೆದುಹೋಗುವ ಅಜ್ಜಿಯರು

ತುಂಬು ಬದುಕು ಬಾಳಿ ತೀರಿಕೊಂಡ ಹೆಂಗಸರ ಬಗ್ಗೆ ಪತ್ರಿಕೆಗಳ ಶ್ರದ್ಧಾಂಜಲಿ ಪುಟದಲ್ಲಿ ಬರುವ ಒಕ್ಕಣೆಯನ್ನು ನಾಲ್ಕು ದಿನ ಬಿಡದೆ ಓದಿದರೆ ಸಾಕು, ಒಬ್ಬರ ಚಿತ್ರದ ಕೆಳಗಿನ ಮಾತನ್ನು ಇನ್ನೊಬ್ಬರ ಚಿತ್ರದ ಕೆಳಗೆ ಹಾಕಿದರೂ ಏನೂ ಕೆಡುವುದಿಲ್ಲ ಎನ್ನುವುದು ಗೊತ್ತಾಗುತ್ತದೆ. ಆಕೆ ಇಂಥವರ ಧರ್ಮಪತ್ನಿ, ಇಂಥವರ ತಾಯಿ. ಸಾಧ್ವಿ, ತ್ಯಾಗಮಯಿ, ಬಂದವರಿಗೆಲ್ಲ ಬಡಿಸಿದ ಅನ್ನಪೂರ್ಣೆ. ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅದೇ ಪುಟದಲ್ಲಿ, ಅದೇ ವಯಸ್ಸಿಗೆ ತೀರಿಕೊಂಡ ಗಂಡಸಿನ ಬಗ್ಗೆ ಬರೆಯುವಾಗ ಅವರು ಯಾವ ಇಲಾಖೆಯಲ್ಲಿದ್ದರು, ಯಾವ ಸಹಕಾರ ಸಂಘ ಕಟ್ಟಿದರು, ಯಾವ ಊರಿಂದ ಬಂದು ಎಲ್ಲಿ ತೋಟ ಮಾಡಿದರು ಎಂಬ ಒಂದೆರಡು ಸಾಲಾದರೂ ಇರುತ್ತದೆ. ಅಜ್ಜನಿಗೆ ಚರಿತ್ರೆ ಸಿಗುತ್ತದೆ, ಅಜ್ಜಿಗೆ ಗುಣಗಳ ಪಟ್ಟಿ ಸಿಗುತ್ತದೆ. ಇದು ಬರೆದವರ ಅಸಡ್ಡೆಯಿಂದ ಆದದ್ದಲ್ಲ. ಅವರಿಗೆ ಅವಳ ಮೇಲೆ ಪ್ರೀತಿ ಇದ್ದೇ ಇದೆ, ಎಷ್ಟೋ ಸಲ ಅಜ್ಜನಿಗಿಂತ ಹೆಚ್ಚೇ ಇದೆ. ತೊಡಕಿರುವುದು ಅಲ್ಲೇ. ತೊಂಬತ್ತು ವರ್ಷ ಬಾಳಿದ ತಾಯಿಯನ್ನು, ಅಜ್ಜಿಯನ್ನು ಬರೀ ಗುಣಗಳಾಗಿ ನೆನೆಯುವುದು ಪ್ರೀತಿಯಿಂದಲೇ ನಡೆಯುವ ಒಂದು ಬಗೆಯ ಮರೆವು. ಅವಳು ಮಾಡಿದ ಕೆಲಸ, ಗಳಿಸಿದ ತಿಳಿವಳಿಕೆ, ತೆಗೆದುಕೊಂಡ ತೀರ್ಮಾನ, ಮಾಡಿದ ತಪ್ಪು ಇವೆಲ್ಲದರ ಸಮೇತ ನೆನೆದಾಗ ಮಾತ್ರ ಆ ನೆನಪು ಅವಳದಾಗುತ್ತದೆ ಎನ್ನುವುದು ಈ ಬರಹದ ವಾದ.

ಹೊಗಳಿಕೆ ಸುಳ್ಳೆಂದು ಯಾರೂ ಹೇಳಲಾರರು. ಅನ್ನ ಬಡಿಸಿದ್ದು ನಿಜ, ತನ್ನದನ್ನು ಬಿಟ್ಟುಕೊಟ್ಟಿದ್ದೂ ನಿಜ. ಆದರೆ ನಿಜವಾದ ಮಾತು ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದಿಕೊಂಡರೆ ಅದು ಯಾರ ಬಗ್ಗೆಯೂ ಏನನ್ನೂ ಹೇಳಿದಂತಾಗುವುದಿಲ್ಲ. ತ್ಯಾಗ ಎಂದೊಡನೆ ಏನನ್ನು ಬಿಟ್ಟಳು ಎಂಬ ಪ್ರಶ್ನೆ ಏಳಬೇಕು. ಶಾಲೆಯನ್ನೆ, ಸಂಗೀತವನ್ನೆ, ತವರಿನ ಪಾಲನ್ನೆ, ಬರಗಾಲದಲ್ಲಿ ತನ್ನ ತಟ್ಟೆಯ ಮುದ್ದೆಯನ್ನೆ? ಯಾರಿಗಾಗಿ ಬಿಟ್ಟಳು? ತಾನಾಗಿ ಬಿಟ್ಟಳೋ, ಬಿಡುವಂತೆ ಮಾಡಿದರೋ? ನಾಲ್ಕನೇ ತರಗತಿಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದನ್ನು ಅವಳ ತ್ಯಾಗದ ಲೆಕ್ಕಕ್ಕೆ ಬರೆದರೆ, ಬಿಡಿಸಿದವರ ಹೆಸರು ಆ ಲೆಕ್ಕದಿಂದ ಸದ್ದಿಲ್ಲದೆ ಅಳಿಸಿಹೋಗುತ್ತದೆ. ತಾನಾಗಿ ಬಿಟ್ಟುಕೊಟ್ಟಿದ್ದರಂತೂ ಆ ನಿರ್ಧಾರದ ಹಿಂದೆ ಅವಳ ಯೋಚನೆ, ಲೆಕ್ಕಾಚಾರ, ಧೈರ್ಯ ಇದ್ದವು. ಅವುಗಳ ಸುದ್ದಿಯೂ ಹೊಗಳಿಕೆಯಲ್ಲಿ ಬರುವುದಿಲ್ಲ. ಎರಡು ಬಗೆಯಲ್ಲೂ ಅವಳು ಯೋಚಿಸಿ ನಡೆದ ಒಬ್ಬ ಮನುಷ್ಯಳಾಗಿ ಉಳಿಯುವುದಿಲ್ಲ. ಮರಕ್ಕೆ ನೆರಳು ಸಹಜವಾದಂತೆ ಅವಳಿಗೆ ದುಡಿಮೆ ಸಹಜ ಎಂದಾಗಿಬಿಡುತ್ತದೆ. ಸಹಜವಾದದ್ದಕ್ಕೆ ಕೃತಜ್ಞತೆ ಬೇಕಾದರೆ ಹೇಳಬಹುದು, ಅದನ್ನು ದಾಖಲೆ ಮಾಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಹೆಂಗಸರ ನೆನಪನ್ನು ಹೇಗೆ ಉಳಿಸಬೇಕು ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಊರುಗಳ ಗುಡಿಯ ಬಳಿ, ಕೆರೆ ಏರಿಯ ಮೇಲೆ ವೀರಗಲ್ಲುಗಳ ಜೊತೆಗೆ ಮಾಸ್ತಿಕಲ್ಲುಗಳೂ ನಿಂತಿವೆ. ಬಳೆ ತೊಟ್ಟು ಮೇಲೆತ್ತಿದ ಕೈಯನ್ನು ಕೆತ್ತಿದ ಆ ಕಲ್ಲುಗಳು ಗಂಡನ ಚಿತೆ ಏರಿದ ಹೆಂಗಸರ ಸ್ಮಾರಕಗಳು. ಮೈಸೂರು ಸೀಮೆಯ ಬೆಳತೂರಿನ 1057ರ ಶಾಸನ ದೇಕಬ್ಬೆಯ ಕಥೆ ಹೇಳುತ್ತದೆ. ತಂದೆ ತಾಯಿ ಬೇಡವೆಂದರೂ ಕೇಳದೆ ಆಕೆ ಬೆಂಕಿಗೆ ಬಿದ್ದದ್ದನ್ನು ಅದು ಬಣ್ಣಿಸುತ್ತದೆ. ಅಂದರೆ ಸಾಮಾನ್ಯ ಹೆಣ್ಣೊಬ್ಬಳಿಗೆ ಕಲ್ಲಿನಲ್ಲಿ ಜಾಗ ಸಿಗಬೇಕಾದರೆ ಆಕೆ ಸಾಯಬೇಕಿತ್ತು, ಅದೂ ಒಂದು ಗೊತ್ತಾದ ರೀತಿಯಲ್ಲಿ ಸಾಯಬೇಕಿತ್ತು. ಗಂಡ ಸತ್ತ ಮೇಲೆ ಐವತ್ತು ವರ್ಷ ಹೊಲ ನೋಡಿಕೊಂಡು, ಮಕ್ಕಳನ್ನು ದಡ ಸೇರಿಸಿ, ಮೊಮ್ಮಕ್ಕಳನ್ನು ಸಾಕಿದವಳಿಗೆ ಕಲ್ಲು ನೆಟ್ಟವರು ಅಪರೂಪ. ಈ ಮಾತಿಗೆ ನಮ್ಮ ಚರಿತ್ರೆಯಲ್ಲೇ ಒಂದು ದೊಡ್ಡ ಅಪವಾದವಿದೆ. ಚಾಲುಕ್ಯ ತೈಲಪನ ಸೇನಾನಿ ನಾಗದೇವ ತೀರಿಕೊಂಡಾಗ ಅವನ ಇಬ್ಬರು ಹೆಂಡಂದಿರಲ್ಲಿ ಗುಂಡಮಬ್ಬೆ ಸಹಗಮನ ಮಾಡಿದಳು. ಅವಳ ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕುಳಿದಳು. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಈ ಬದುಕುಳಿದವಳ ಆಶ್ರಯದಲ್ಲಿ. ಲಕ್ಕುಂಡಿಯ 1007ರ ಶಾಸನ ಕೊಂಡಾಡುವುದೂ ಇವಳನ್ನೇ. ಅವಳನ್ನು ನಾಡು ನೆನೆಯುವಾಗ ಬರೀ ದಾನಶೀಲೆ ಎಂದು ಹೇಳಿ ಮುಗಿಸುವುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿದಳು, ಸಾವಿರದೈನೂರು ಜಿನಬಿಂಬ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು ಎಂದು ಕೆಲಸವನ್ನು ಎಣಿಸಿ ಹೇಳುತ್ತದೆ. ಈ ಲೆಕ್ಕದಿಂದಾಗಿಯೇ ಸಾವಿರ ವರ್ಷದ ನಂತರವೂ ಅತ್ತಿಮಬ್ಬೆಯನ್ನು ಇನ್ನೊಬ್ಬ ದಾನಿಯೊಂದಿಗೆ ಬೆರೆಸಿ ಮರೆಯಲು ನಮಗೆ ಸಾಧ್ಯವಾಗಿಲ್ಲ.

ಅತ್ತಿಮಬ್ಬೆ ಸೇನಾನಿಯ ಮಗಳು, ಸೇನಾನಿಯ ಹೆಂಡತಿ. ಹಿತ್ತಲು ಕೊಟ್ಟಿಗೆಗಳ ನಡುವೆ ಬದುಕಿದವಳ ಬಗ್ಗೆ ಎಣಿಸಿ ಹೇಳಲು ಏನಿದೆ ಎಂದು ಯಾರಾದರೂ ಕೇಳಬಹುದು. ಬೇರೇನೂ ಬೇಡ, ದೀರ್ಘಾಯುಷ್ಯವೊಂದನ್ನೇ ಬಿಡಿಸಿ ನೋಡೋಣ. 1930ರಲ್ಲಿ ಹುಟ್ಟಿ ತೊಂಬತ್ತು ತುಂಬಿಸಿ ಹೋದ ಒಬ್ಬ ಅಜ್ಜಿ ಎಂದಿಟ್ಟುಕೊಳ್ಳಿ. ಅವಳು ಹುಟ್ಟಿದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಮೂವತ್ತರ ಆಸುಪಾಸಿನಲ್ಲಿತ್ತು. ಹೆಣ್ಣಿನ ಮದುವೆಗೆ ಹದಿನಾಲ್ಕು ತುಂಬಿರಬೇಕೆಂಬ ಶಾರದಾ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷ; ಜಾರಿಗೆ ಬಂದದ್ದು ಕಾಗದದ ಮೇಲೆ. 1951ರ ಜನಗಣತಿಯ ಹೊತ್ತಿಗೆ ಅವಳಿಗೆ ಇಪ್ಪತ್ತೊಂದು; ಆಗ ದೇಶದಲ್ಲಿ ಓದುಬರಹ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತು ಮಂದಿಯೂ ಇರಲಿಲ್ಲ. ಅವಳ ಹೆರಿಗೆಗಳೆಲ್ಲ ಮುಗಿದಿರಬಹುದಾದ 1971ರಲ್ಲೂ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ ಎಂದು ಈಗ ನಾವು ಸಲೀಸಾಗಿ ಹೇಳುತ್ತೇವೆ. 1970ರಿಂದ 75ರ ಲೆಕ್ಕದಲ್ಲಿ ನಮ್ಮ ದೇಶದ ಗಂಡಸಿನ ಸರಾಸರಿ ಆಯುಷ್ಯ 50.5 ವರ್ಷ, ಹೆಂಗಸಿನದು 49. ಬಾಣಂತನದಲ್ಲಿ, ರಕ್ತಹೀನತೆಯಲ್ಲಿ, ಎಲ್ಲರದೂ ಆದಮೇಲೆ ಉಂಡು ಕಳೆದ ವರ್ಷಗಳಲ್ಲಿ ಆ ಆಯುಷ್ಯ ಸವೆಯುತ್ತಿತ್ತು. ಹೀಗಾಗಿ ಆ ತಲೆಮಾರಿನ ಹೆಂಗಸೊಬ್ಬಳು ತೊಂಬತ್ತು ದಾಟಿದ್ದನ್ನು ದೇವರು ಕೊಟ್ಟ ಆಯುಷ್ಯ ಎಂದಷ್ಟೇ ಹೇಳಿ ಕೈಮುಗಿದರೆ, ಅವಳು ಏನನ್ನೆಲ್ಲ ದಾಟಿ ಬಂದಳು ಎಂಬುದು ಹೊರಗೇ ಉಳಿಯುತ್ತದೆ. ಯುದ್ಧಕಾಲದ ಪಡಿತರ, ಮೊದಲ ಚುನಾವಣೆ, 1956ರ ಏಕೀಕರಣ, ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆ, ಎಪ್ಪತ್ತರ ದಶಕದ ಭೂಸುಧಾರಣೆ ಇವೆಲ್ಲ ಅವಳ ಅಡುಗೆಮನೆಯ ಮೂಲಕವೇ ಹಾದುಹೋದವು. ಗೇಣಿ ಹೊಲ ಮನೆಯದಾದಾಗ ಅಥವಾ ಕೈತಪ್ಪಿದಾಗ ಮನೆಯ ಊಟ ಹೇಗೆ ಬದಲಾಯಿತು ಎನ್ನುವುದು ಭೂನ್ಯಾಯ ಮಂಡಳಿಯ ಕಡತದಲ್ಲಿ ಇಲ್ಲ. ಅದು ಅವಳಿಗೆ ಗೊತ್ತಿತ್ತು.

ಇಷ್ಟಾದರೂ ಅವಳನ್ನು ಹೆಸರು ಹಿಡಿದು ಗುರುತಿಸಲು ದೇಶಕ್ಕೇ ಕಷ್ಟವಾಗಿತ್ತು. 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಮುಖ್ಯವಾಗಿ ಉತ್ತರ ಮತ್ತು ಮಧ್ಯ ಭಾರತದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನ್ ಅವರ ನಿಲುವು ಆಗ ಕಠಿಣ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಹೆಸರಿಲ್ಲದೆ ನಾಗರಿಕಳಾಗಲು ಬಾರದು ಎಂಬ ಅವರ ತರ್ಕ ಸರಿಯಾಗಿತ್ತು. ಗಣರಾಜ್ಯ ಅಂದೇ ಬಿಟ್ಟ ಆ ಪದ್ಧತಿಯನ್ನು ನಮ್ಮ ಕುಟುಂಬಗಳು ಇನ್ನೂ ಬಿಟ್ಟಿಲ್ಲ. ವಂಶವೃಕ್ಷ ಬರೆಸಿದ ಮನೆಗಳಲ್ಲೂ ಏಳು ತಲೆಮಾರಿನ ಗಂಡಸರ ಹೆಸರು ಸಿಗುತ್ತದೆ, ಅಜ್ಜಿಯ ತಾಯಿಯ ಹೆಸರು ಕೇಳಿದರೆ ಮಾತು ನಿಲ್ಲುತ್ತದೆ.

ಹೆಸರಿನ ಕಥೆ ಹೀಗಾದರೆ ಕೆಲಸದ ಕಥೆ ಇನ್ನೂ ವಿಚಿತ್ರ. ನಮ್ಮ ಜನಗಣತಿಯ ಪ್ರಕಾರ ಮನೆಗೆಲಸವಷ್ಟನ್ನೇ ಮಾಡುವವಳು ಕೆಲಸಗಾರಳಲ್ಲ. 2001ರ ಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಇರುವ ವರ್ಗದಲ್ಲೇ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ನ್ಯಾಯಾಲಯಗಳು ಈ ಪ್ರಶ್ನೆಗೆ ಮುಖ ಕೊಡಬೇಕಾಗಿ ಬಂದದ್ದು ಅಪಘಾತ ಪರಿಹಾರದ ಪ್ರಕರಣಗಳಲ್ಲಿ: ಸಂಬಳವಿಲ್ಲದವಳು ಸತ್ತರೆ ಮನೆಗೆ ಆದ ನಷ್ಟವೆಷ್ಟು? 1989ರಲ್ಲಿ ಜಮ್ಷೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಬೆಂಕಿ ಬಿದ್ದು ಹಲವರು ಸತ್ತರು. ಲತಾ ವಾಧ್ವಾ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದ 2001ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 34ರಿಂದ 59ರ ವಯಸ್ಸಿನ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದೂ, 62ರಿಂದ 72ರ ವಯಸ್ಸಿನ ಹಿರಿಯ ಹೆಂಗಸಿನ ಸೇವೆಗೆ ವರ್ಷಕ್ಕೆ 20,000 ರೂಪಾಯಿ ಎಂದೂ ಬೆಲೆ ಕಟ್ಟಿತು. ಮೊತ್ತ ಕಡಿಮೆ ಎನ್ನಬಹುದು, ಆದರೆ ಆ ತೀರ್ಪು ಒಪ್ಪಿಕೊಂಡ ಸಂಗತಿ ದೊಡ್ಡದು. ಎಪ್ಪತ್ತರ ಅಜ್ಜಿಯೂ ಕೆಲಸ ಮಾಡುತ್ತಿದ್ದಾಳೆ, ಅವಳು ಹೋದರೆ ಆ ಕೆಲಸ ನಿಂತುಹೋಗುತ್ತದೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಬರೆದುಕೊಂಡಿತು. 2021ರ ಜನವರಿಯಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಇನ್ನೊಂದು ಪ್ರಕರಣದಲ್ಲಿ 2019ರ ಸಮಯ ಬಳಕೆ ಸಮೀಕ್ಷೆಯನ್ನೇ ಆಧಾರವಾಗಿ ತೆಗೆದುಕೊಂಡರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಾರೆ ಎಂದು ಆ ಸಮೀಕ್ಷೆ ಹೇಳುತ್ತದೆ. ದಿನಕ್ಕೆ ಐದು ಗಂಟೆಯಂತೆ ಅರವತ್ತು ವರ್ಷ ಮನೆ ನಡೆಸಿದವಳ ಲೆಕ್ಕ ಒಂದು ಲಕ್ಷ ಗಂಟೆ ದಾಟುತ್ತದೆ. ಗ್ಯಾಸ್ ಒಲೆ, ನಲ್ಲಿ ನೀರು, ಮಿಕ್ಸಿ ಬರುವ ಮುಂಚಿನ ದಶಕಗಳಿಗೆ ಈ ಐದು ಗಂಟೆಯೂ ಸಾಲದು.

ಮಮತೆಯನ್ನು ರೂಪಾಯಿಯಲ್ಲಿ ಅಳೆಯುವುದೇ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಮಗುವಿಗೆ ತುತ್ತು ಕೊಡುವ ಕೈಗೆ ಕೂಲಿ ಲೆಕ್ಕ ಹಚ್ಚುವುದು ಅಜ್ಜಿಯ ಬದುಕನ್ನು ಸಣ್ಣದು ಮಾಡಿದಂತೆ ಎಂದು ಅನೇಕರಿಗೆ ಪ್ರಾಮಾಣಿಕವಾಗಿಯೇ ಅನ್ನಿಸುತ್ತದೆ. ಆ ಅನ್ನಿಸಿಕೆಯಲ್ಲಿ ಹುರುಳಿದೆ. ನ್ಯಾಯಾಲಯ ಕಟ್ಟಿದ್ದು ನಷ್ಟದ ಬೆಲೆಯೇ ಹೊರತು ಮನುಷ್ಯಳ ಬೆಲೆಯಲ್ಲ. ಆದರೆ ಈ ಆಕ್ಷೇಪ ಅಜ್ಜನ ವಿಷಯದಲ್ಲಿ ಯಾಕೆ ಏಳುವುದಿಲ್ಲ? ಅವರು ಮಕ್ಕಳಿಗಾಗಿ ಮೂವತ್ತೈದು ವರ್ಷ ಮೇಷ್ಟರಾಗಿ ದುಡಿದದ್ದನ್ನು ಹೇಳಿದರೆ ಅವರ ಪ್ರೀತಿ ಕಡಿಮೆಯಾಯಿತೆಂದು ಯಾರೂ ಅಂದುಕೊಳ್ಳುವುದಿಲ್ಲ. ಪ್ರೀತಿ ಮತ್ತು ದುಡಿಮೆ ಒಬ್ಬನಲ್ಲಿ ಒಟ್ಟಿಗೆ ಇರಬಹುದಾದರೆ ಒಬ್ಬಳಲ್ಲೂ ಇರಬಹುದು. ಪ್ರೀತಿಯ ಹೆಸರಿನಲ್ಲಿ ದುಡಿಮೆಯನ್ನು ಮರೆಸಿದಾಗ ಲಾಭವಾಗುವುದು ಆ ದುಡಿಮೆಯ ಫಲ ಉಂಡವರಿಗೆ.

ದುಡಿಮೆಯ ಜೊತೆಗೆ ತಿಳಿವಳಿಕೆಯೂ ಮರೆಯಾಗುತ್ತದೆ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 2018ರ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು. ಹನ್ನೆರಡನೇ ವಯಸ್ಸಿಗೆ ಮದುವೆಯಾಗಿ ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡು, ಮೊಮ್ಮಕ್ಕಳು ಮರಿಮಕ್ಕಳ ದೊಡ್ಡ ಸಂಸಾರ ಕಂಡವರು ಅವರು. ಆಸ್ಪತ್ರೆಯಿಲ್ಲದ ಸೀಮೆಯಲ್ಲಿ ಏಳು ದಶಕ, ಹಣ ಮುಟ್ಟದೆ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಎಂದು ಅವರನ್ನು ಗುರುತಿಸಿದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅವರು ಸೂಲಗಿತ್ತಿಯ ವಿದ್ಯೆ ಕಲಿತದ್ದು ತಮ್ಮ ಅಜ್ಜಿ ಮರಿಗೆಮ್ಮನಿಂದ. ಈಗ ಒಂದು ಕ್ಷಣ ಆ ಮರಿಗೆಮ್ಮನ ಬಗ್ಗೆ ಯೋಚಿಸಬೇಕು. ಎಷ್ಟು ಹೆರಿಗೆ ಮಾಡಿಸಿದರು, ಯಾರಿಂದ ಕಲಿತರು, ಅಡ್ಡ ತಿರುಗಿದ ಕೂಸನ್ನು ಹೇಗೆ ಸರಿಪಡಿಸುತ್ತಿದ್ದರು ಎಂಬ ಯಾವ ಲೆಕ್ಕಕ್ಕೂ ಅವರು ಸಿಕ್ಕಿಲ್ಲ. ಹೆಸರಾದರೂ ನಮಗೆ ತಿಳಿದದ್ದು ಮೊಮ್ಮಗಳಿಗೆ ಪ್ರಶಸ್ತಿ ಬಂದದ್ದರಿಂದ. ಪ್ರಶಸ್ತಿ ಬಾರದ ಮೊಮ್ಮಕ್ಕಳ ಅಜ್ಜಿಯರು ಎಷ್ಟು ಸಾವಿರವೋ! ಬಿತ್ತನೆ ಬೀಜಕ್ಕೆ ಬೂದಿ ಬೆರೆಸಿಡುವುದು, ಕರು ಹಾಕಲಾರದ ಹಸುವನ್ನು ನೋಡುವುದು, ಯಾವ ಮಗುವಿನ ಅಳು ಹಸಿವಿನದು ಯಾವುದು ಕಿವಿನೋವಿನದು ಎಂದು ಹೇಳುವುದು, ಇವನ್ನೆಲ್ಲ ನಾವು ಅಜ್ಜಿಯ ಅಕ್ಕರೆ ಎಂದು ಕರೆದು ಮುಗಿಸುತ್ತೇವೆ. ಅಕ್ಕರೆ ಇದ್ದದ್ದು ಹೌದು. ಜೊತೆಗೆ ಅದು ನೋಡಿ, ನೆನಪಿಟ್ಟು, ತಪ್ಪಿ, ತಿದ್ದಿಕೊಂಡು ಗಳಿಸಿದ ವಿದ್ಯೆಯಾಗಿತ್ತು.

ಅಜ್ಜಿಯ ಈ ಪಾತ್ರ ಎಷ್ಟು ಹಳೆಯದು ಎನ್ನುವುದಕ್ಕೆ ಮನುಷ್ಯ ವಿಕಾಸವನ್ನು ಅಧ್ಯಯನ ಮಾಡುವವರು ಕೆಲವು ಸುಳಿವು ಕೊಟ್ಟಿದ್ದಾರೆ. ಹೆರುವ ವಯಸ್ಸು ಮುಗಿದ ಮೇಲೂ ಹೆಣ್ಣು ದಶಕಗಟ್ಟಲೆ ಬದುಕುವುದು ಪ್ರಾಣಿಲೋಕದಲ್ಲಿ ಬಹಳ ಅಪರೂಪ. ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ತಾಂಜಾನಿಯಾದ ಹಡ್ಜಾ ಜನರ ನಡುವೆ ಮಾಡಿದ ಅಧ್ಯಯನದಲ್ಲಿ, ವಯಸ್ಸಾದ ಹೆಂಗಸರು ನೆಲದಡಿಯ ಗೆಡ್ಡೆಗಳನ್ನು ಅಗೆದು ತಂದು ಮೊಮ್ಮಕ್ಕಳ ಹೊಟ್ಟೆ ತುಂಬಿಸುವುದು ಕಂಡಿತು. ಫಿನ್‌ಲೆಂಡ್ ಮತ್ತು ಕೆನಡಾದ ಹಳೆಯ ಚರ್ಚ್ ದಾಖಲೆಗಳನ್ನು ಆಧರಿಸಿ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ, ಐವತ್ತು ದಾಟಿದ ಮೇಲೆ ಹೆಂಗಸು ಬದುಕಿದ ಪ್ರತಿ ಹತ್ತು ವರ್ಷಕ್ಕೆ ಆಕೆಯ ಮೊಮ್ಮಕ್ಕಳ ಸಂಖ್ಯೆ ಎರಡರಷ್ಟು ಹೆಚ್ಚಿದ್ದನ್ನು ತೋರಿಸಿತು. ಅಜ್ಜಿಯ ನೆರವಿನಿಂದಲೇ ಮನುಷ್ಯರ ಆಯುಷ್ಯ ಹಿಗ್ಗಿತು ಎಂಬ ಹಾಕ್ಸ್ ಅವರ ಊಹೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಚರ್ಚೆ ಇನ್ನೂ ನಡೆದಿದೆ. ಅಷ್ಟು ದೂರ ಹೋಗದಿದ್ದರೂ, ಕೆಲಸ ಮುಗಿಸಿ ಮೂಲೆ ಹಿಡಿದವಳು ಎಂದು ನಾವು ಕಲ್ಪಿಸಿಕೊಳ್ಳುವ ಅಜ್ಜಿ ಮನೆಯ ಬದುಕಿಗೆ ಆಧಾರವಾಗಿದ್ದಳು ಎಂಬುದಂತೂ ಈ ದಾಖಲೆಗಳಿಂದ ಸ್ಪಷ್ಟ.

ಹೀಗೆ ಕೆಲಸ, ತಿಳಿವಳಿಕೆ ಎಲ್ಲವನ್ನೂ ಸೇರಿಸಿದರೂ ನೆನಪು ಇನ್ನೊಂದು ಬಗೆಯ ಹೊಗಳಿಕೆಯಾಗಿ ನಿಂತುಬಿಡಬಹುದು. ಅದಕ್ಕೇ ತಪ್ಪುಗಳ ಮಾತು ಬೇಕಾಗುತ್ತದೆ. ಅಜ್ಜಿಯರು ಪಕ್ಷಪಾತ ಮಾಡುತ್ತಿದ್ದರು. ಗಂಡು ಮೊಮ್ಮಗನಿಗೆ ಕೆನೆ, ಹೆಣ್ಣು ಮೊಮ್ಮಗಳಿಗೆ ಮಜ್ಜಿಗೆ ಕೊಡುತ್ತಿದ್ದ ಮನೆಗಳು ಕಡಿಮೆಯೇನಲ್ಲ. ಸೊಸೆಯನ್ನು ಕಾಡಿದವರಿದ್ದರು. ಮುಟ್ಟಾದವಳನ್ನು ಹೊರಗೆ ಕೂರಿಸಿ, ಕೆಲಸದವರಿಗೆ ಮೇಲಿಂದ ನೀರು ಹೊಯ್ದು, ಜಾತಿಯ ಕಟ್ಟಳೆಯನ್ನು ಮನೆಯೊಳಗೆ ಕಾದವರಲ್ಲಿ ಅವರೂ ಇದ್ದರು. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎಂಬ ನಯ ಇದನ್ನೆಲ್ಲ ಮುಚ್ಚಿಡು ಎನ್ನುತ್ತದೆ. ಮುಚ್ಚಿಟ್ಟರೆ ಕಾಡಿಸಿಕೊಂಡ ಸೊಸೆಯ ಬದುಕು, ನಾಳೆ ತಾನೂ ಅಜ್ಜಿಯಾಗಿ ನೆನೆಸಿಕೊಳ್ಳಬೇಕಾದವಳ ಬದುಕು, ಸುಳ್ಳಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪು ಮಾಡಲಾರದವಳಿಗೆ ಒಳ್ಳೆಯದನ್ನು ಆರಿಸಿಕೊಂಡ ಹಿರಿಮೆಯೂ ಸಲ್ಲುವುದಿಲ್ಲ. ನಮ್ಮ ಒಳ್ಳೆಯ ಸಾಹಿತ್ಯ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದೆ. ಪಿ. ಲಂಕೇಶರ 'ಅವ್ವ' ಕವಿತೆಯ ತಾಯಿ ಪುರಾಣದ ಪತಿವ್ರತೆಯರ ಸಾಲಿಗೆ ಸೇರದವಳು. ಬೈಗುಳ, ಜಗಳ, ದುಡಿತ, ಬೆಳೆ ಮಕ್ಕಳ ಚಿಂತೆ ತುಂಬಿದ ಹೆಣ್ಣು. ಕನ್ನಡದಲ್ಲಿ ಅಷ್ಟು ಗಾಢವಾಗಿ ಉಳಿದ ತಾಯಿಯ ಚಿತ್ರಗಳು ವಿರಳ. ವಸುಧೇಂದ್ರರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಸಂಗ್ರಹವನ್ನು ಅಷ್ಟೊಂದು ಓದುಗರು ತಮ್ಮದೆಂದುಕೊಂಡದ್ದಕ್ಕೂ ಅಲ್ಲಿನ ಅಮ್ಮನ ಹಟ, ಮುಗ್ಧತೆ, ಸಣ್ಣಪುಟ್ಟ ವಿಚಿತ್ರಗಳು ಕಾರಣ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಈ ವಾದಕ್ಕೆ ಇನ್ನೂ ಗಟ್ಟಿಯಾದ ಆಧಾರ. 1976ರಲ್ಲಿ ಬಂದ ಆ ಕಾದಂಬರಿ, ನೂರು ದಾಟಿ ಬದುಕಿ 1952ರಲ್ಲಿ ತೀರಿಕೊಂಡ, ಲೇಖಕಿಯ ಕುಟುಂಬದ್ದೇ ಆದ ಮಲೆನಾಡಿನ ಬಾಲವಿಧವೆಯೊಬ್ಬಳ ನಿಜ ಬದುಕನ್ನು ಆಧರಿಸಿದ್ದು. ಇಂದಿರಾ ಅದನ್ನು ತಮ್ಮ ತಾಯಿಯಿಂದ ಕೇಳಿದವರು. ಫಣಿಯಮ್ಮನಿಗೆ ಹೆತ್ತ ಮಕ್ಕಳಿರಲಿಲ್ಲ, ಆದರೂ ಇಡೀ ಮನೆತನಕ್ಕೆ ಆಕೆ ಅಜ್ಜಿ. ಮಡಿಯ ಕಟ್ಟಳೆಯನ್ನು ಜೀವಮಾನವಿಡೀ ಪಾಲಿಸಿದವಳು, ಕೆಳಜಾತಿಯ ಹೆಂಗಸಿನ ಕಷ್ಟದ ಹೆರಿಗೆಗೆ ಕೈಯಿಡಬೇಕಾಗಿ ಬಂದಾಗ ಅದನ್ನು ಮುರಿದಳು. ಕೇಶಮುಂಡನವನ್ನು ಧಿಕ್ಕರಿಸಿದ ಎಳೆಯ ವಿಧವೆಯ ಪರವಾಗಿ ನಿಂತಳು. ಆಕೆಯನ್ನು ಪತಿತಪಾವನೆ ಸಾಧ್ವಿ ಎಂದು ಎರಡು ಸಾಲಿನಲ್ಲಿ ನೆನೆದಿದ್ದರೆ, ಕಟ್ಟಳೆಯ ಒಳಗೇ ಇದ್ದುಕೊಂಡು ಅದರ ಅನ್ಯಾಯವನ್ನು ತೂಗಿ ನೋಡಿದ ಒಂದು ಬುದ್ಧಿ ನಮಗೆ ಸಿಗುತ್ತಲೇ ಇರಲಿಲ್ಲ. ಆ ಬುದ್ಧಿ ಉಳಿದದ್ದು ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದರಿಂದ, ಅವಳು ಮಗಳಿಗೆ ಹೇಳಿದ್ದರಿಂದ, ಮಗಳು ಬರೆದದ್ದರಿಂದ. ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಲು ಕಥೆಯೇ ಇರುತ್ತಿರಲಿಲ್ಲ.

ಈ ವಾದದ ಎದುರು ನಿಲ್ಲುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಖಾಸಗಿತನದ್ದು. ಅವಳು ತನ್ನ ಕಷ್ಟವನ್ನು ಯಾರಿಗೂ ಹೇಳಲಿಲ್ಲ ಎಂದರೆ ಹೇಳಬಾರದೆಂದೇ ಹೇಳಲಿಲ್ಲ. ಸತ್ತ ಮೇಲೆ ಮಕ್ಕಳು ಅದನ್ನು ಕೆದಕುವುದು ಯಾವ ನ್ಯಾಯ? ಇದಕ್ಕೆ ಸುಲಭದ ಉತ್ತರವಿಲ್ಲ. ಕೆಲವು ಮೌನಗಳನ್ನು ಅವಳು ಆರಿಸಿಕೊಂಡಿದ್ದಳು, ಅವನ್ನು ಮನ್ನಿಸಲೇಬೇಕು. ಇನ್ನು ಕೆಲವು ಮೌನಗಳಿಗೆ ಯಾರೂ ಕೇಳದಿದ್ದದ್ದೇ ಕಾರಣ. ಇವೆರಡನ್ನು ಬೇರ್ಪಡಿಸಲು ಇರುವ ದಾರಿ ಒಂದೇ: ಅವಳು ಇರುವಾಗಲೇ ಕೇಳುವುದು. ಕೇಳಿದಾಗ ಬೇಡವೆಂದರೆ ಅಲ್ಲಿಗೆ ಮುಗಿಯಿತು. ನನ್ನದೇನಿದೆ ಮಹಾ, ಎಲ್ಲರ ಹಾಗೆ ಬದುಕಿದೆ ಎಂದು ಅವಳು ಅನ್ನುವುದುಂಟು; ಆ ಮಾತನ್ನು ನಿರಾಕರಣೆ ಎಂದು ತಿಳಿಯಬೇಕಿಲ್ಲ. ತನ್ನ ಬದುಕು ಹೇಳುವಂಥದ್ದಲ್ಲ ಎಂದು ಅವಳಿಗೆ ಎಂಬತ್ತು ವರ್ಷ ಕಲಿಸಲಾಗಿದೆ. ಆ ಪಾಠವನ್ನು ಒಂದು ಪ್ರಶ್ನೆ ಅಳಿಸಲಾರದು, ನಾಲ್ಕಾರು ಪ್ರಶ್ನೆಗಳು ಸಡಿಲಿಸಬಲ್ಲವು. ವಯಸ್ಸಾದವರ ನೆನಪು ನಂಬಲರ್ಹವಲ್ಲ ಎಂಬ ಮಾತೂ ಇದೆ. ಇಸವಿ ತಪ್ಪಬಹುದು, ಘಟನೆಗಳ ಹಿಂದುಮುಂದು ಕಲಸಿಹೋಗಬಹುದು. ಪಹಣಿ, ಮದುವೆಯ ಲಗ್ನಪತ್ರಿಕೆ, ಶಾಲೆಯ ದಾಖಲಾತಿ, ಓರಗೆಯವರ ಮಾತು ಇವುಗಳ ಜೊತೆ ತಾಳೆ ನೋಡಿದರೆ ತಪ್ಪಿದ್ದು ಗೊತ್ತಾಗುತ್ತದೆ. ಅರಸರ ಪ್ರಶಸ್ತಿಗಳನ್ನು ಓದುವಾಗಲೂ ಇತಿಹಾಸಕಾರರು ಮಾಡುವುದು ಇಷ್ಟನ್ನೇ.

ದುಃಖದ ಹೊತ್ತಿನಲ್ಲಿ ಚರಿತ್ರೆ ಕೇಳುವುದು ಕ್ರೂರ ಎನ್ನುವವರಿಗೂ ಒಂದು ಮಾತು ಹೇಳಬೇಕು. ಸಾವಿನ ಮನೆಯಲ್ಲಿ ಬಾಯಿಗೆ ಬರುವುದು ರೂಢಿಯ ಮಾತೇ. ಅದು ಆಸರೆ, ಅದನ್ನು ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ನಮ್ಮ ಪದ್ಧತಿಗಳಲ್ಲಿ ಅಳುವ ದಿನ ಬೇರೆ, ನೆನೆಯುವ ದಿನ ಬೇರೆ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಹನ್ನೊಂದನೆಯ ದಿನದ ತಿಥಿ, ನುಡಿನಮನ, ವರ್ಷಾಂತಿಕ ಎಂದು ಬೇರೆಬೇರೆ ಸಮುದಾಯಗಳು ನೆನಪಿಗೆಂದೇ ದಿನ ಇಟ್ಟಿವೆ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳುವ ಕ್ರಮವೂ ಇದೆ. ಆ ಹೆಸರು ಗೊತ್ತಿರಬೇಕಷ್ಟೆ. ನೂರಾರು ಜನ ಊಟಕ್ಕೆ ಸೇರುವ ಆ ದಿನ ನಾಲ್ಕು ಜನ ನಾಲ್ಕು ನಿಜ ಸಂಗತಿ ಹೇಳಿದರೆ, ಹುಟ್ಟೂರು, ತಾಯಿಯ ಹೆಸರು, ಎಲ್ಲಿಯತನಕ ಓದಿದಳು, ಯಾವ ಕೆಲಸದಲ್ಲಿ ಗಟ್ಟಿಗಳು, ಯಾವ ವಿಷಯಕ್ಕೆ ಮನೆಯವರನ್ನು ಎದುರು ಹಾಕಿಕೊಂಡಳು ಎಂದು ಒಂದು ಪುಟ ಅಚ್ಚಾದರೆ, ಅದಕ್ಕೆ ತಗಲುವ ಖರ್ಚು ಹೂವಿನ ಹಾರಕ್ಕಿಂತ ಹೆಚ್ಚಲ್ಲ.

ಇದರಿಂದ ಹೋದವಳಿಗೆ ಏನೂ ಬಾರದು ಎನ್ನುವುದು ನಿಜವೇ. ಬರುವುದು ಇರುವವರಿಗೆ. ಅಜ್ಜಿಯ ದುಡಿಮೆಯನ್ನು ದುಡಿಮೆ ಎಂದು ಒಮ್ಮೆ ಬರೆದುಕೊಂಡ ಮನೆಯಲ್ಲಿ, ಈಗ ಅಡುಗೆಮನೆಯಲ್ಲಿ ಇರುವವಳ ದುಡಿಮೆಯನ್ನು ಅವಳ ಸ್ವಭಾವ ಎಂದು ತಳ್ಳಿಹಾಕುವುದು ಕಷ್ಟವಾಗುತ್ತದೆ. ಅಜ್ಜಿಯ ಶಾಲೆ ಯಾರು ಬಿಡಿಸಿದರು ಎಂದು ಹೆಸರು ಹೇಳಿ ಒಪ್ಪಿಕೊಂಡ ಕುಟುಂಬ ಮೊಮ್ಮಗಳ ಓದಿನ ವಿಷಯದಲ್ಲಿ ತೀರ್ಮಾನ ಮಾಡುವಾಗ ಎರಡು ಸಲ ಯೋಚಿಸುತ್ತದೆ. ತವರಿನ ಪಾಲನ್ನು ಅವಳು ನಗುತ್ತಲೇ ಬಿಟ್ಟುಕೊಟ್ಟಳು ಎಂಬ ಕಥೆಯನ್ನು ಪರೀಕ್ಷೆ ಮಾಡಿ ನೋಡಿದವರು, ಕರ್ನಾಟಕ 1994ರಲ್ಲೂ ದೇಶ 2005ರಲ್ಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೂ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಲು ಹಿಂಜರಿಯುತ್ತಾರೆ. ಹೊಗಳಿಕೆ ನಮ್ಮಿಂದ ಏನನ್ನೂ ಕೇಳುವುದಿಲ್ಲ, ಅದಕ್ಕೇ ಅದು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ. ನಿಜವಾದ ನೆನಪು ಲೆಕ್ಕ ಕೇಳುತ್ತದೆ. ಅವಳಿಂದ ಪಡೆದದ್ದೆಷ್ಟು, ಅವಳಿಗೆ ತಪ್ಪಿಸಿದ್ದೆಷ್ಟು, ಅದೇ ತಪ್ಪನ್ನು ಈಗ ಯಾರಿಗೆ ಮಾಡುತ್ತಿದ್ದೇವೆ ಎಂದು. ದೀರ್ಘಕಾಲ ಬದುಕಿ ನಮ್ಮನ್ನೆಲ್ಲ ಸಾಕಿದವಳಿಗೆ ಈ ಲೆಕ್ಕ ಒಪ್ಪಿಸುವುದು ಮಕ್ಕಳು ಮೊಮ್ಮಕ್ಕಳ ಮೇಲಿರುವ ಋಣ. ಅದು ತೀರುವುದು ಬದುಕಿರುವ ಹೆಂಗಸರೊಂದಿಗೆ ನಾವು ನಡೆದುಕೊಳ್ಳುವ ರೀತಿಯಲ್ಲಿ.